ಒಂದೇ ದಿನದಲ್ಲಿ ಆರು ದ್ವೀಪ



ಈ ಹೊತ್ತು ನಾನು ಹೇಳಹೊರಟಿರುವುದು ಬಹಳ ದೂರದ ಒಂದು ಊರಿನ ಸಂಗತಿ. ಭೂಪಟದಲ್ಲಿ ಪೆಸಿಫಿಕ್ ಮಹಾಸಾಗರವನ್ನು ನೋಡಿದರೆ, ನೀಲಿ ಬಣ್ಣದ ನಟ್ಟನಡುವೆ ಯಾರೋ ಸಾಸಿವೆ ಚೆಲ್ಲಿದ ಹಾಗೆ ಕೆಲವು ಚುಕ್ಕೆಗಳು ಕಾಣುತ್ತವೆ. ಅದೇ ಹವಾಯಿ. ಅಮೆರಿಕ ದೇಶಕ್ಕೆ ಸೇರಿದ ರಾಜ್ಯವಾದರೂ ಅಮೆರಿಕದ ಪಶ್ಚಿಮ ಕರಾವಳಿಯಿಂದಲೇ ಅದು ಸುಮಾರು 4000 ಕಿಲೋಮೀಟರು ದೂರ. ನಮಗೂ ಅವರಿಗೂ ಗಡಿಯಾರದಲ್ಲಿ ಹದಿನೈದೂವರೆ ಗಂಟೆಯ ಅಂತರ. ನಾವು ಭಾನುವಾರ ಬೆಳಗಿನ ಚಾ ಕುಡಿಯುವಾಗ ಅವರಿಗೆ ಇನ್ನೂ ಶನಿವಾರದ ಸಂಜೆ.

ಮಗಳು ಮತ್ತು ಅಳಿಯ ಅಲ್ಲಿನ ಹೊನೊಲುಲು ಪಟ್ಟಣದಲ್ಲಿ ಕೆಲಸದಲ್ಲಿದ್ದರು. 2019ರ ಮೇ ತಿಂಗಳಲ್ಲಿ ನಾನು ಅವರಲ್ಲಿಗೆ ಹೋಗಿದ್ದೆ. ಕಾಸರಗೋಡಿನ ಕಡೆಯ ಕನ್ನಡ ಶಾಲೆಗಳಲ್ಲಿ ಬಹಳ ವರ್ಷ ಪಾಠ ಹೇಳಿದ ನನಗೆ ಆ ಊರಲ್ಲಿ ಏನು ಕೆಲಸ? ಮೊಮ್ಮಗನನ್ನು ನೋಡಿಕೊಳ್ಳುವುದು, ಸಂಜೆ ಸಮುದ್ರದ ಬದಿಗೆ ಹೋಗಿ ಬರುವುದು. ಹೀಗಿರುವಾಗ ಒಂದು ಶನಿವಾರ ಎಲ್ಲರೂ ಸೇರಿ ಪಾಲಿನೇಶಿಯನ್ ಸಾಂಸ್ಕೃತಿಕ ಕೇಂದ್ರ ಎಂಬ ಜಾಗಕ್ಕೆ ಹೋದೆವು. ಪೆಸಿಫಿಕ್ಕಿನ ಬೇರೆ ಬೇರೆ ದ್ವೀಪಗಳ ಮನೆ, ಊಟ, ಕುಣಿತ, ಕೈಕಸುಬುಗಳನ್ನು ಒಂದೇ ಆವರಣದೊಳಗೆ ತೋರಿಸುವ ದೊಡ್ಡ ಉದ್ಯಾನ ಅದು. ಆ ಒಂದು ದಿನ ಕಂಡದ್ದನ್ನು, ಆಮೇಲೆ ಓದಿ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇನೆ.

ಉದ್ಯಾನ ಇರುವುದು ಲಾಯಿಯೆ ಎಂಬ ಸಣ್ಣ ಊರಿನಲ್ಲಿ. ಹೊನೊಲುಲುವಿನಿಂದ ಕಾರಿನಲ್ಲಿ ಒಂದು ಗಂಟೆಗೆ ಮೇಲೆ ಹಿಡಿಯಿತು. ಬಲಗಡೆ ಕಡಲು, ಎಡಗಡೆ ಕೂಲಾವು ಬೆಟ್ಟಸಾಲು. ಆ ಬೆಟ್ಟಗಳನ್ನು ನೋಡಿದರೆ ಹಸಿರು ಸೀರೆಯನ್ನು ನೆರಿಗೆ ಹಿಡಿದು ನಿಲ್ಲಿಸಿದಂತೆ ಇತ್ತು. ತೆಂಗು, ಬಾಳೆ, ಪಪ್ಪಾಯಿ, ದಾಸವಾಳ, ಎಲ್ಲ ನಮ್ಮ ಹಿತ್ತಿಲಿನವೇ. ಒಂದು ಮನೆಯ ಅಂಗಳದಲ್ಲಿ ಜೀಗುಜ್ಜೆ ಮರ ಕಂಡು ನಾನು ಬೆರಳು ಮಾಡಿ ತೋರಿಸಿದೆ. ನಾವು ಜೀಗುಜ್ಜೆ ಎನ್ನುವ ಆ ಮರದ ಮೂಲ ಪೆಸಿಫಿಕ್ಕಿನ ಕಡೆಯ ದ್ವೀಪಗಳೇ. ನಮ್ಮ ತೋಟಕ್ಕೆ ಬಂದದ್ದು ಅದು. ನೆಂಟರ ಮನೆಗೆ ಹೋದಾಗ ಅವರ ಮಗಳನ್ನು ನಮ್ಮೂರಿಗೆ ಕೊಟ್ಟಿದ್ದಾರೆಂದು ಗೊತ್ತಾದ ಹಾಗಾಯಿತು ನನಗೆ.

ಈ ಉದ್ಯಾನ ಹುಟ್ಟಿದ ಕಥೆಯೂ ಸ್ವಾರಸ್ಯವಾಗಿದೆ. ಲಾಯಿಯೆಯಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಗಡದವರು 1865ರಲ್ಲಿ ಜಮೀನು ಕೊಂಡು ನೆಲೆಸಿದರು. 1940ರಲ್ಲಿ ಅವರ ಪ್ರಾರ್ಥನಾ ಮಂದಿರ ಬೆಂಕಿಗೆ ಆಹುತಿಯಾಯಿತು. ಅದನ್ನು ಮತ್ತೆ ಕಟ್ಟಲು ಹಣ ಬೇಕಾಗಿ 1948ರಲ್ಲಿ ಊರವರು ಹುಕಿಲಾವು ಎಂಬ ಮೀನಿನ ಹಬ್ಬ ಶುರುಮಾಡಿದರು. ಹುಕಿ ಎಂದರೆ ಎಳೆಯುವುದು, ಲಾವು ಎಂದರೆ ಎಲೆ. ಎಲೆ ಕಟ್ಟಿದ ಉದ್ದ ಹಗ್ಗದ ಬಲೆಯನ್ನು ಊರವರೆಲ್ಲ ಸೇರಿ ಎಳೆದು ಮೀನು ಹಿಡಿಯುವ ಪದ್ಧತಿ. ನಮ್ಮ ಕರಾವಳಿಯ ಕೈರಂಪಣಿ ಗೊತ್ತಿದ್ದವರಿಗೆ ಹೆಚ್ಚು ವಿವರಿಸಬೇಕಿಲ್ಲ. ಮೀನು, ಊಟ, ಹಾಡು, ಕುಣಿತ ನೋಡಲು ಪ್ರವಾಸಿಗರು ಹಣ ಕೊಟ್ಟು ಬಂದರು. ಅಲ್ಲಿ 1955ರಲ್ಲಿ ಕಾಲೇಜು ಒಂದು ತೆರೆಯಿತು. ದೂರದ ದ್ವೀಪಗಳಿಂದ ಬಂದ ಮಕ್ಕಳಿಗೆ ಫೀಸು ಕಟ್ಟುವ ದಾರಿ ಬೇಕಿತ್ತು. ಹೀಗೆ ಮೀನಿನ ಹಬ್ಬದ ಅನುಭವ ಮತ್ತು ಕಾಲೇಜಿನ ಅಗತ್ಯ ಎರಡೂ ಕೂಡಿ 1963ರ ಅಕ್ಟೋಬರ್ 12ರಂದು ಈ ಕೇಂದ್ರ ಬಾಗಿಲು ತೆರೆಯಿತು. ಮೊದಲಿಗೆ 12 ಎಕರೆ ಇದ್ದದ್ದು ಈಗ 42 ಎಕರೆ. ಕೆಲಸ ಮಾಡುವವರಲ್ಲಿ ಬಹುಪಾಲು ಇಂದಿಗೂ ಪಕ್ಕದ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು. ಬೆಳಿಗ್ಗೆ ಲೆಕ್ಕಶಾಸ್ತ್ರದ ಕ್ಲಾಸು, ಮಧ್ಯಾಹ್ನ ತೆಂಗಿನಮರ ಹತ್ತುವ ಕೆಲಸ. ಭಾನುವಾರ ಬಾಗಿಲು ಹಾಕಿರುತ್ತಾರೆ. ಒಳಗೆ ಮದ್ಯ ಸಿಗುವುದಿಲ್ಲ. ಅಳಿಯನಿಗೆ ಇದು ತಮಾಷೆಯ ವಿಷಯ, ನನಗೆ ಸಮಾಧಾನದ ವಿಷಯ.

ಒಳಗೆ ಹೋದರೆ ನಡುವೆ ನಿಧಾನವಾಗಿ ಹರಿಯುವ ನೀರು, ಅದರ ಎರಡೂ ಬದಿಗೆ ಊರುಗಳು. ಸಮೋವಾ, ಟೋಂಗಾ, ಫಿಜಿ, ತಹಿತಿ, ಹವಾಯಿ ಮತ್ತು ಆಓತೆಯರೋವ. ಈ ಕೊನೆಯದು ನ್ಯೂಜಿಲೆಂಡಿಗೆ ಅಲ್ಲಿನ ಮಾವೋರಿ ಜನರು ಹೇಳುವ ಹೆಸರು. ಒಂದು ಊರಿನಿಂದ ಇನ್ನೊಂದಕ್ಕೆ ಸೇತುವೆ ದಾಟಿ ನಡೆದು ಹೋಗಬಹುದು, ಇಲ್ಲವೆ ಜೋಡಿದೋಣಿಯಲ್ಲಿ ಕೂತು ಹೋಗಬಹುದು. ನಿಜವಾದ ಸಮೋವಾದಿಂದ ನಿಜವಾದ ಹವಾಯಿಗೆ ಸಾವಿರಾರು ಕಿಲೋಮೀಟರು ಕಡಲು. ಇಲ್ಲಿ ನಮ್ಮ ಮನೆಯಿಂದ ಬಸ್ ಸ್ಟಾಪಿಗೆ ಹೋದಷ್ಟು ದೂರ.

ನಾವು ಮೊದಲು ಹೊಕ್ಕದ್ದು ಸಮೋವಾ. ಅಲ್ಲಿ ಒಬ್ಬ ಗಟ್ಟಿಮುಟ್ಟಾದ ಹುಡುಗ ನೆಲದಲ್ಲಿ ನೆಟ್ಟ ಚೂಪು ಗೂಟಕ್ಕೆ ತೆಂಗಿನಕಾಯಿ ಕುಕ್ಕಿ ಸಿಪ್ಪೆ ಸುಲಿದ. ಕಲ್ಲಿನಿಂದ ಒಂದು ಪೆಟ್ಟು ಹೊಡೆದು ಸರಿಯಾಗಿ ಎರಡು ಹೋಳು ಮಾಡಿದ. ತುರಿದ ಕಾಯನ್ನು ತೆಂಗಿನ ನಾರಿನಲ್ಲಿ ಕಟ್ಟಿ ಹಿಂಡಿದರೆ ಬಿಳಿಯ ಕಾಯಿಹಾಲು ಸುರಿಯಿತು. ಸುತ್ತ ಕೂತ ನೂರಾರು ಜನ ಚಪ್ಪಾಳೆ ತಟ್ಟಿದರು. ನಾನು ಮಾತ್ರ ಏನು ಮಾಡುವುದೆಂದು ತಿಳಿಯದೆ ಸುಮ್ಮನೆ ಕೂತೆ. ನಮ್ಮಲ್ಲಿ ದಿನಾ ಬೆಳಿಗ್ಗೆ ಹೆರೆಮಣೆ ಮೇಲೆ ಕೂರುವ ಹೆಂಗಸಿಗೆ ಯಾರಾದರೂ ಚಪ್ಪಾಳೆ ತಟ್ಟಿದ್ದುಂಟೇ? ಆಮೇಲೆ ಆತ ಕೋಲಿಗೆ ಕೋಲು ಉಜ್ಜಿ ಬೆಂಕಿ ಹುಟ್ಟಿಸಿದ. ಇನ್ನೊಬ್ಬ ಬರಿಗಾಲಲ್ಲಿ ಮರವೇರಿದ. ನಡುನಡುವೆ ನಗೆಮಾತು, ಪ್ರವಾಸಿಗರ ಕಾಲೆಳೆಯುವುದು, ಎಲ್ಲ ಹದವಾಗಿತ್ತು. ಟೋಂಗಾದಲ್ಲಿ ನೋಡುವವರನ್ನೇ ವೇದಿಕೆಗೆ ಎಳೆದು ತಂದು ಡೋಲು ಬಾರಿಸಲು ಹೇಳಿ ನಗಿಸಿದರು. ಆಓತೆಯರೋವದಲ್ಲಿ ಕೆತ್ತನೆಯ ಕಂಬಗಳ ಸಭಾಮನೆ ಇತ್ತು. ಹಗ್ಗಕ್ಕೆ ಕಟ್ಟಿದ ಚೆಂಡನ್ನು ತಿರುಗಿಸುತ್ತ ಹಾಡುವ ಹುಡುಗಿಯರು ಇದ್ದರು. ಇವನ್ನೆಲ್ಲ ಒಂದೊಂದಾಗಿ ವರ್ಣಿಸುತ್ತ ಹೋದರೆ ಸಮಯ ಸಾಲದು. ನನ್ನ ಮನಸ್ಸು ಹಿಡಿದು ನಿಲ್ಲಿಸಿದ್ದು ಬೇರೆಯದು.

ಅದು ಮಾತು. ಸಮೋವಾದ ಹುಡುಗ ಮನೆಗೆ ಫಾಲೆ ಎಂದ. ಟೋಂಗಾದಲ್ಲೂ ಫಾಲೆಯೇ. ತಹಿತಿಯಲ್ಲಿ ಅದು ಫಾರೆ. ಮಾವೋರಿಯಲ್ಲಿ ಫಾರೆ ಎಂದೇ ಕೇಳಿಸುತ್ತದೆ, ಬರೆಯುವುದು ಬೇರೆ ಥರ. ಫಿಜಿಯಲ್ಲಿ ವಾಲೆ. ಹವಾಯಿಗೆ ಬಂದರೆ ಹಾಲೆ! ನಾನು ತಟ್ಟನೆ ಎಚ್ಚರವಾದೆ. ಎಣಿಕೆ ಕೇಳಿದೆ. ಸಮೋವಾದಲ್ಲಿ ತಾಸಿ, ಲುವಾ, ತೊಲು, ಫಾ, ಲಿಮಾ. ಮಾವೋರಿಯಲ್ಲಿ ತಾಹಿ, ರುವಾ, ತೊರು, ಫಾ, ರಿಮಾ. ಹವಾಯಿಯಲ್ಲಿ ಕಾಹಿ, ಲುವಾ, ಕೊಲು, ಹಾ, ಲಿಮಾ. ನೋಡಿ, ಸಮೋವಾದವರ ಫಕಾರ ಇದ್ದಲ್ಲಿ ಹವಾಯಿಯವರು ಹಕಾರ ಇಡುತ್ತಾರೆ. ತಕಾರ ಇದ್ದಲ್ಲಿ ಕಕಾರ ಇಡುತ್ತಾರೆ. ಏಳು ಎನ್ನಲು ಅಲ್ಲಿ ಫಿತು, ಇಲ್ಲಿ ಹಿಕು. ಒಂದೂ ತಪ್ಪುವುದಿಲ್ಲ, ಶಾಲೆಯ ಮಕ್ಕಳು ಸಾಲಾಗಿ ನಿಂತಂತೆ.

ಎರಡು ಭಾಷೆ ಆಡುವ ಊರಿನವರಾದ ನಿಮಗೆ ಇದು ಹೊಸತೇ? ಮಲಯಾಳದಲ್ಲಿ ಪಾಲ್ ಎನ್ನುವುದು ಕನ್ನಡದಲ್ಲಿ ಹಾಲು. ತಮಿಳಿನ ಪೂ ನಮ್ಮಲ್ಲಿ ಹೂ. ತೆಲುಗಿನ ಪಾಲು ನಮ್ಮ ಹಾಲು. ನಮ್ಮ ಹಳಗನ್ನಡದಲ್ಲೂ ಅದು ಪಾಲ್, ಪೂ, ಪುಲಿ ಎಂದೇ ಇತ್ತು. ನಾವು ಕಾಲಕ್ರಮದಲ್ಲಿ ಪಕಾರವನ್ನು ಹಕಾರ ಮಾಡಿಕೊಂಡೆವು. ತಾಳವಾಡಿಯ ಪೇಟೆಯಲ್ಲಿ ತಮಿಳು ಕೇಳಿದವನಿಗೆ, ಮಡಕಶಿರದ ಸಂತೆಯಲ್ಲಿ ತೆಲುಗು ಆಡಿದವಳಿಗೆ ಈ ಲೆಕ್ಕವನ್ನು ಯಾರೂ ಕಲಿಸಬೇಕಿಲ್ಲ, ನಾಲಗೆಗೇ ಗೊತ್ತು. ಆ ಉದ್ಯಾನಕ್ಕೆ ಅಂದು ಬಂದಿದ್ದ ಹೆಚ್ಚಿನವರಿಗೆ ಆರು ಊರುಗಳಲ್ಲಿ ಆರು ಬೇರೆ ಬೇರೆ ಶಬ್ದ ಕೇಳಿಸಿರಬಹುದು. ನನಗೆ ಒಂದೇ ಮನೆಯ ಅಣ್ಣತಮ್ಮಂದಿರ ದನಿ ಕೇಳಿಸಿತು. ಫಿಜಿ ಸ್ವಲ್ಪ ದೂರದ ದಾಯಾದಿ, ಅಷ್ಟೆ.

ಇನ್ನೊಂದು ಹೋಲಿಕೆ ಹೇಳಿದರೆ ನಿಮಗೆ ನಗು ಬರಬಹುದು. ಹವಾಯಿ ಭಾಷೆಯಲ್ಲಿ ಯಾವ ಶಬ್ದವೂ ವ್ಯಂಜನದಲ್ಲಿ ನಿಲ್ಲುವಂತಿಲ್ಲ, ಕೊನೆಗೊಂದು ಸ್ವರ ಬೇಕೇ ಬೇಕು. ಇಂಗ್ಲಿಷಿನ ಬುಕ್ ಅವರ ಬಾಯಲ್ಲಿ ಪುಕೆ. ಕ್ರಿಸ್‌ಮಸ್ ಕಾಲಿಕಿಮಾಕ. ಬಸ್ಸನ್ನು ಬಸ್ಸು, ರೋಡನ್ನು ರೋಡು ಮಾಡಿಕೊಂಡ ನಾವು ಅವರನ್ನು ನೋಡಿ ನಗುವ ಹಾಗಿಲ್ಲ. ಅವರಿಗೆ ಇರುವುದೇ ಹದಿಮೂರು ಅಕ್ಷರ, ಐದು ಸ್ವರ, ಎಂಟು ವ್ಯಂಜನ. ಅಷ್ಟರಲ್ಲೇ ಕಡಲು, ಗಾಳಿ, ನಕ್ಷತ್ರ, ವಂಶಾವಳಿ ಎಲ್ಲವನ್ನೂ ಹೇಳಿ ಮುಗಿಸುತ್ತಾರೆ.

ಹವಾಯಿಯ ಊರಿನಲ್ಲಿ ಒಂದು ಸಣ್ಣ ಗದ್ದೆ, ಅದರಲ್ಲಿ ಕೆಸುವಿನ ಗಿಡ. ಹೌದು, ನಮ್ಮ ಪತ್ರೊಡೆಯ ಕೆಸುವೇ. ತುಳುವಿನಲ್ಲಿ ತೇವು, ಮಲಯಾಳದಲ್ಲಿ ಚೇಂಬು, ಸೋಲಾಪುರ ಜತ್ತದ ಕಡೆಯವರು ಮರಾಠಿಯಲ್ಲಿ ಅಳು ಎನ್ನುತ್ತೀರಿ. ಅವರಲ್ಲಿ ಅದು ಕಾಲೊ. ನಾವು ಹೆಚ್ಚಾಗಿ ಎಲೆ ಬಳಸುತ್ತೇವೆ. ಅವರು ಗೆಡ್ಡೆಯನ್ನು ಬೇಯಿಸಿ, ಕಲ್ಲಿನ ಒನಕೆಯಿಂದ ಜಜ್ಜಿ, ನೀರು ಬೆರೆಸಿ ಪೋಯಿ ಎಂಬ ನೇರಳೆ ಬಣ್ಣದ ಅಂಬಲಿ ಮಾಡುತ್ತಾರೆ. ಅದೇ ಅವರ ಹಳೆಯ ಮುಖ್ಯ ಆಹಾರ, ನಮಗೆ ಅನ್ನ ಇದ್ದ ಹಾಗೆ. ರುಚಿ ನೋಡಲು ಕೊಟ್ಟರು. ನನ್ನ ಪಕ್ಕದಲ್ಲಿದ್ದ ಹೆಂಗಸು ಮುಖ ಸಿಂಡರಿಸಿ ಬಟ್ಟಲನ್ನು ಕೆಳಗಿಟ್ಟಳು. ನನಗೆ ಏನೂ ಕಷ್ಟವಾಗಲಿಲ್ಲ. ಒಂದಿಷ್ಟು ಉಪ್ಪು, ಒಂದು ಗಾಂಧಾರಿ ಮೆಣಸು ಇದ್ದಿದ್ದರೆ ಇನ್ನೊಂದು ಬಟ್ಟಲು ಕೇಳುತ್ತಿದ್ದೆ.

ಈ ಕೆಸುವಿನ ಬಗ್ಗೆ ಅವರಲ್ಲೊಂದು ಪುರಾಣ ಇದೆ. ಆಕಾಶದ ಅಪ್ಪನಿಗೆ ಹುಟ್ಟಿದ ಮೊದಲ ಮಗು ಉಸಿರಿಲ್ಲದೆ ಹುಟ್ಟಿತು. ಅದನ್ನು ಮಣ್ಣು ಮಾಡಿದ ಜಾಗದಲ್ಲಿ ಕೆಸುವಿನ ಗಿಡ ಎದ್ದಿತು. ಎರಡನೆಯ ಮಗು ಬದುಕಿತು. ಅವನ ಹೆಸರು ಹಾಲೋವ. ಮನುಷ್ಯಕುಲ ಬೆಳೆದದ್ದು ಅವನಿಂದ. ಹಾಗಾಗಿ ಕೆಸು ಮನುಷ್ಯರಿಗೆಲ್ಲ ದೊಡ್ಡಣ್ಣ. ಅಣ್ಣ ತಮ್ಮನಿಗೆ ಉಣ್ಣಿಸಬೇಕು, ತಮ್ಮ ಅಣ್ಣನ ಗದ್ದೆ ಹಸನಾಗಿಡಬೇಕು. ಕುಟುಂಬಕ್ಕೆ ಅವರು ಹೇಳುವ ಮಾತು ಓಹಾನ. ಕೆಸುವಿನ ಗೆಡ್ಡೆಯಿಂದ ಒಡೆಯುವ ಮರಿಗೆ ಓಹಾ ಎನ್ನುತ್ತಾರೆ, ಅದರಿಂದ ಬಂದ ಶಬ್ದ. ನಾವು ಬಾಳೆಯ ಮರಿಗೆ ಕಂದು ಎನ್ನುತ್ತೇವೆ, ಮಗುವಿಗೆ ಕಂದ ಎನ್ನುತ್ತೇವೆ. ಇವೆರಡಕ್ಕೆ ನಂಟು ಇದೆಯೋ ಇಲ್ಲವೋ ಪಂಡಿತರು ಹೇಳಲಿ, ತೋಟದಲ್ಲಿ ನಿಂತವರಿಗೆ ಮಾತ್ರ ನಂಟು ಕಾಣುತ್ತದೆ.

ಈಗ ನನಗೆ ಸರಿಬಾರದ ಮಾತನ್ನೂ ಹೇಳಬೇಕು. ಫಿಜಿಯ ಊರಿನಲ್ಲಿ ಎತ್ತರದ ಹುಲ್ಲುಮಾಡಿನ ಗುಡಿ ಇದೆ, ಬಿದಿರಿನ ಕೊಳವೆಗಳನ್ನು ನೆಲಕ್ಕೆ ಕುಟ್ಟಿ ನುಡಿಸುವ ಸಂಗೀತ ಇದೆ. ಬಹಳ ಚಂದ. ಆದರೆ ಫಿಜಿಗೆ 1879ರಿಂದ ಹಡಗು ಹಡಗಾಗಿ ಭಾರತದ ಕೂಲಿಗಳನ್ನು ಒಯ್ದರು. 1903ರಿಂದ ಮದರಾಸಿನ ಬಂದರಿನಿಂದಲೂ ಒಯ್ದರು. ತಮಿಳರು, ತೆಲುಗರು, ಮಲಯಾಳಿಗಳು ಅಲ್ಲಿನ ಕಬ್ಬಿನ ಗದ್ದೆಗಳಲ್ಲಿ ದುಡಿದರು. ಅವರ ಮಕ್ಕಳು ಮೊಮ್ಮಕ್ಕಳು ಇಂದಿಗೂ ಫಿಜಿಯವರೇ. ಉದ್ಯಾನದ ಫಿಜಿಯಲ್ಲಿ ಅವರ ಸುಳಿವು ನನಗೆ ಕಾಣಲಿಲ್ಲ. ಹವಾಯಿಯಲ್ಲೂ ಅಷ್ಟೆ. ಕಬ್ಬಿನ ತೋಟಕ್ಕೆ ಬಂದ ಜಪಾನಿ, ಚೀನಿ, ಫಿಲಿಪ್ಪೀನೋ ಜನರಿಲ್ಲದ ಹವಾಯಿಯನ್ನು ಹೊನೊಲುಲುವಿನ ಬೀದಿಯಲ್ಲಿ ನೀವು ಎಲ್ಲೂ ನೋಡಲಾರಿರಿ.

ಇಂಥ ಉದ್ಯಾನಗಳ ಸ್ವಭಾವವೇ ಹಾಗಿರಬೇಕು. ಒಂದು ಸಂಸ್ಕೃತಿಗೆ ಒಂದು ಆವರಣ, ಒಂದು ಉಡುಗೆ, ಒಂದು ನಮಸ್ಕಾರ. ಅಲೋಹಾ ಮುಗಿದ ಮೇಲೆ ಸೇತುವೆ, ಸೇತುವೆ ದಾಟಿದ ಮೇಲೆ ತಾಲೋಫಾ. ನಮ್ಮ ಊರುಗಳು ಹೀಗಿಲ್ಲವಲ್ಲ! ನನ್ನ ನೆರೆಮನೆಯವರು ದನದ ಹತ್ತಿರ ತುಳುವಿನಲ್ಲಿ ಮಾತಾಡುತ್ತಾರೆ, ಪೇಪರು ಕನ್ನಡದಲ್ಲಿ ಓದುತ್ತಾರೆ, ಪಂಚಾಯತಿನಲ್ಲಿ ಮಲಯಾಳದಲ್ಲಿ ಜಗಳಾಡುತ್ತಾರೆ. ಇದನ್ನು ಯಾವ ಆವರಣದಲ್ಲಿ ಇಟ್ಟು ತೋರಿಸುವುದು? ಗಡಿಯ ಊರನ್ನು ಉದ್ಯಾನ ಮಾಡಲಿಕ್ಕೆ ಆಗುವುದಿಲ್ಲ.

ಹಾಗೆಂದು ಬರೀ ದೂರುವುದೂ ನ್ಯಾಯವಲ್ಲ. ಹುಲಾ ಎಂಬ ಹವಾಯಿಯ ಕುಣಿತದ ಕಥೆ ಕೇಳಿ. ದೇವರ, ಅರಸರ, ವಂಶದ ಕಥೆಯನ್ನು ಹಾಡಿ ಅಭಿನಯಿಸುವ ಕಲೆ ಅದು. ಪಾದ್ರಿಗಳು ಬಂದ ಮೇಲೆ, ಕ್ರೈಸ್ತಮತ ಸ್ವೀಕರಿಸಿದ್ದ ರಾಣಿ ಕಾಅಹುಮಾನು 1830ರಲ್ಲಿ ಅದನ್ನು ಜನರ ಮುಂದೆ ಕುಣಿಯಬಾರದೆಂದು ನಿಷೇಧಿಸಿದಳು. ಮನೆಯೊಳಗೆ, ಹಳ್ಳಿಯ ಮೂಲೆಯಲ್ಲಿ ಗುರುಗಳು ಅದನ್ನು ಉಳಿಸಿಕೊಂಡರು. 1883ರಲ್ಲಿ ಅರಸ ಕಾಲಾಕಾವುವಾ ತನ್ನ ಪಟ್ಟಾಭಿಷೇಕದ ಉತ್ಸವದಲ್ಲಿ ಅದನ್ನು ಮತ್ತೆ ಹೊರಗೆ ತಂದ. ಹತ್ತು ವರ್ಷದ ಮೇಲೆ, 1893ರಲ್ಲಿ, ಅರಸೊತ್ತಿಗೆಯನ್ನೇ ಕಿತ್ತುಹಾಕಿದರು. 1898ರಲ್ಲಿ ದ್ವೀಪಗಳು ಅಮೆರಿಕಕ್ಕೆ ಸೇರಿದವು, 1959ರಲ್ಲಿ ರಾಜ್ಯವಾದವು. ಆಮೇಲೆ ವಿಮಾನ ತುಂಬ ಪ್ರವಾಸಿಗರು ಬಂದರು. ಹುಲಾ ಹೋಟೆಲುಗಳ ಸಂಜೆಯ ಮನರಂಜನೆಯಾಯಿತು. ಹವಾಯಿಯ ಮೂಲನಿವಾಸಿ ಮನೆತನದ ಕವಯಿತ್ರಿ, ಪ್ರಾಧ್ಯಾಪಕಿ ಹೌನಾನಿ ಕೇ ಟ್ರಾಸ್ಕ್ 1993ರ ತಮ್ಮ ಪುಸ್ತಕದಲ್ಲಿ ಇಡೀ ಪ್ರವಾಸೋದ್ಯಮವನ್ನೇ ಕಟುವಾಗಿ ಖಂಡಿಸಿದರು. ತಮ್ಮ ಜನರ ಪವಿತ್ರವಾದದ್ದನ್ನು ಮಾರಾಟಕ್ಕಿಟ್ಟಿದ್ದಾರೆ ಎಂಬುದು ಅವರ ವಾದ. 2021ರಲ್ಲಿ ತೀರಿಕೊಳ್ಳುವ ತನಕವೂ ಆ ಹೋರಾಟದಲ್ಲಿ ಅವರ ಹೆಸರು ದೊಡ್ಡದು. ಇನ್ನೊಂದು ಕಡೆ, ಹಿಲೋ ಪಟ್ಟಣದಲ್ಲಿ ಕಾಲಾಕಾವುವಾ ಅರಸನ ನೆನಪಿನ ಉತ್ಸವದಲ್ಲಿ 1971ರಿಂದ ಹುಲಾ ಸ್ಪರ್ಧೆ ನಡೆಯುತ್ತಿದೆ. ಅಲ್ಲಿ ತೀರ್ಪು ಹೇಳುವವರು ಕಲೆ ಬಲ್ಲ ಹಿರಿಯರು.

ನಾನು ಪಾರ್ತಿಸುಬ್ಬನ ಕುಂಬಳೆ ಸೀಮೆಯವಳು. ಯಕ್ಷಗಾನ ರಾತ್ರಿಯಿಡೀ ನಡೆಯುತ್ತಿದ್ದುದು ಮೂರು ಗಂಟೆಗೆ ಇಳಿದದ್ದನ್ನು ಕಂಡಿದ್ದೇನೆ, ಒಪ್ಪಿಕೊಂಡೂ ಇದ್ದೇನೆ. ಆಟಕ್ಕೆ ರಂಗಸ್ಥಳ ಇರಲೇಬೇಕು. ಆದರೆ ಭೂತದ ಕೋಲದ ಅಣಿ ಕಟ್ಟಿ ಮೆರವಣಿಗೆಯ ಲಾರಿಯ ಮೇಲೆ ನಿಲ್ಲಿಸಿದಾಗ ನಮ್ಮ ಹಿರಿಯರು ಮುಖ ತಿರುಗಿಸುತ್ತಾರಲ್ಲ, ಅದು ಏಕೆಂದು ನಮಗೆ ಗೊತ್ತು. ಟ್ರಾಸ್ಕ್ ಅವರ ಸಿಟ್ಟು ನನಗೆ ಅರ್ಥವಾದದ್ದು ಆ ದಾರಿಯಿಂದ. ಲಾಯಿಯೆಯ ಉದ್ಯಾನದ ಪರವಾಗಿ ಹೇಳುವುದಾದರೆ, ದುಡ್ಡು ವಿದ್ಯಾರ್ಥಿಗಳ ಓದಿಗೆ ಹೋಗುತ್ತದೆ. ಸಮೋವಾದಿಂದ, ಟೋಂಗಾದಿಂದ ಬಂದ ಹುಡುಗ ಪದವಿ ಪಡೆದು ಊರಿಗೆ ಮರಳುವ ದಾರಿ ಅದು. ತನ್ನೂರಿನ ಉಡುಗೆ ತೊಟ್ಟು ನಿಂತಾಗ ಅವನ ಮುಖದಲ್ಲಿ ನಾಚಿಕೆ ಇರಲಿಲ್ಲ. ಅದು ಸಣ್ಣ ಮಾತಲ್ಲ.

ಹವಾಯಿಯ ಊರಿನಲ್ಲಿ ಒಂದು ದೊಡ್ಡ ಮಾಡಿನಡಿ ಜೋಡಿ ಒಡಲಿನ ಹಾಯಿದೋಣಿ ಇದೆ, ಹೆಸರು ಯೊಸೆಪಾ. 2001ರಲ್ಲಿ ಅಲ್ಲೇ ಕಟ್ಟಿ ಕಡಲಿಗಿಳಿಸಿದ್ದು. ಅದರ ಮುಂದೆ ನಿಂತಾಗ ಇನ್ನೊಂದು ದೋಣಿಯ ಕಥೆ ನೆನಪಾಗದೆ ಇರುವುದಿಲ್ಲ. 1976ರಲ್ಲಿ ಹೋಕುಲೆಯ ಎಂಬ ದೋಣಿ ಹವಾಯಿಯಿಂದ ತಹಿತಿಗೆ, ದಿಕ್ಸೂಚಿ ಇಲ್ಲದೆ, ನಕ್ಷತ್ರ ಮತ್ತು ಅಲೆಗಳನ್ನು ಮಾತ್ರ ನೋಡುತ್ತ ಹೋಗಿ ಮುಟ್ಟಿತು. ಪೂರ್ವಜರು ಹೀಗೆಯೇ ಬಂದರೆಂದು ತೋರಿಸುವುದು ಉದ್ದೇಶ. ಆದರೆ ದಾರಿ ತೋರಿಸುವ ಆ ವಿದ್ಯೆ ಬಲ್ಲವರು ಹವಾಯಿಯಲ್ಲಿ ಒಬ್ಬರೂ ಉಳಿದಿರಲಿಲ್ಲ. ಕೊನೆಗೆ ದೂರದ ಮೈಕ್ರೊನೇಶಿಯಾದ ಸತವಾಲ್ ಎಂಬ ಪುಟ್ಟ ದ್ವೀಪದ ಮಾವ್ ಪಿಯಾಯಿಲುಗ್ ಎಂಬವರನ್ನು ಕರೆತಂದರು. ಅವರಿಗೆ ಅಜ್ಜ ಕಲಿಸಿದ ವಿದ್ಯೆ. ತನ್ನ ಕುಲದ ಹೊರಗಿನವರಿಗೆ ಹೇಳಿಕೊಡುವ ಪದ್ಧತಿ ಇಲ್ಲದಿದ್ದರೂ ಅವರು ಹೇಳಿಕೊಟ್ಟರು. ಕಲಿತ ಹವಾಯಿಯ ಯುವಕ ನೈನೋವ ಥಾಂಪ್ಸನ್ 1980ರಲ್ಲಿ ತಾನೇ ದೋಣಿಯನ್ನು ತಹಿತಿಗೆ ನಡೆಸಿದ. ಮಾವ್ 2010ರಲ್ಲಿ ತೀರಿಕೊಂಡರು. ಒಬ್ಬ ಅಜ್ಜ ಒಬ್ಬ ಮೊಮ್ಮಗನಿಗೆ ಹೇಳಿಕೊಟ್ಟದ್ದರಿಂದ ಒಂದು ಸಾಗರದ ವಿದ್ಯೆ ಉಳಿಯಿತು!

ಸಂಜೆಯ ದೊಡ್ಡ ಪ್ರದರ್ಶನದ ಹೆಸರು ಹಾ, ಅಂದರೆ ಉಸಿರು. ಬೆಂಕಿ, ಡೋಲು, ನೂರಕ್ಕೆ ಹತ್ತಿರ ಕಲಾವಿದರು. ಅದು ನಡೆಯುವಾಗ ಮೊಮ್ಮಗ ನನ್ನ ತೊಡೆಯ ಮೇಲೆ ಅರೆನಿದ್ರೆಯಲ್ಲಿದ್ದ. ಆಗ ಅವನಿಗೆ ಆರು ವರ್ಷ. ಮಧ್ಯಾಹ್ನವೆಲ್ಲ ಊರಿಂದೂರಿಗೆ ಓಡಾಡಿ, ಕಾಹಿ, ಲುವಾ, ಕೊಲು ಎಂದು ಹವಾಯಿಯ ಎಣಿಕೆಯನ್ನು ಹತ್ತರ ತನಕ ಬಾಯಿಪಾಠ ಮಾಡಿದ್ದ. ಕನ್ನಡದಲ್ಲಿ ಎಣಿಸು ನೋಡುವ ಎಂದೆ. ಒಂದು, ಎರಡು, ಮೂರು, ನಾಲ್ಕು, ಐದು. ಅಲ್ಲಿಗೆ ನಿಂತಿತು. ಐದರ ನಂತರ ನನ್ನ ಮುಖ ನೋಡಿದ. ಮಗಳು ಮೆಲ್ಲಗೆ ಹೇಳಿದಳು, "ಅಮ್ಮ, ಇಲ್ಲಿ ಅವ ಕನ್ನಡ ಯಾರೊಟ್ಟಿಗೆ ಮಾತಾಡುದು ಹೇಳಿ?"

ಅವಳ ಪ್ರಶ್ನೆ ಹವಾಯಿಯವರು ತಮಗೇ ಕೇಳಿಕೊಂಡದ್ದೇ. ಹತ್ತೊಂಬತ್ತನೆಯ ಶತಮಾನದಲ್ಲಿ ಹವಾಯಿಯ ಜನ ಓದುಬರಹದಲ್ಲಿ ಬಹಳ ಮುಂದಿದ್ದರು. 1834ರಲ್ಲಿ ಅವರ ಭಾಷೆಯ ಮೊದಲ ಪತ್ರಿಕೆ ಹೊರಟಿತು, ಮುಂದೆ ಎಷ್ಟೋ ಪತ್ರಿಕೆಗಳು ಬಂದವು. 1896ರಲ್ಲಿ ಕಾನೂನು ಬಂತು, ಶಾಲೆಯ ಪಾಠ ಇಂಗ್ಲಿಷಿನಲ್ಲೇ ಆಗಬೇಕೆಂದು. ಶಾಲೆಯಲ್ಲಿ ತಾಯಿಮಾತು ಆಡಿದ ಮಕ್ಕಳಿಗೆ ಶಿಕ್ಷೆಯಾಯಿತು. ತಂದೆತಾಯಂದಿರೇ ಮನೆಯಲ್ಲಿ ಅದನ್ನು ಆಡುವುದು ಬಿಟ್ಟರು, ಮಕ್ಕಳಿಗೆ ಒಳ್ಳೆಯದಾಗಲಿ ಎಂದು. 1948ಕ್ಕೆ ಕೊನೆಯ ಪತ್ರಿಕೆಯೂ ನಿಂತಿತು. 1978ರಲ್ಲಿ ರಾಜ್ಯದ ಸಂವಿಧಾನದಲ್ಲಿ ಹವಾಯಿ ಭಾಷೆಗೆ ಅಧಿಕೃತ ಸ್ಥಾನ ಸಿಕ್ಕಿತು. ಆದರೆ ಆಡುವ ಮಕ್ಕಳು ಎಲ್ಲಿ? ನೀಇಹಾವು ಎಂಬ ಖಾಸಗಿ ಒಡೆತನದ ಸಣ್ಣ ದ್ವೀಪ ಒಂದನ್ನು ಬಿಟ್ಟರೆ, ಚೆನ್ನಾಗಿ ಮಾತಾಡುವ ಮಕ್ಕಳು ಐವತ್ತಕ್ಕಿಂತ ಕಡಿಮೆ ಎಂದು ಆ ಕಾಲದಲ್ಲಿ ಭಾಷೆಗಾಗಿ ದುಡಿದವರು ಲೆಕ್ಕ ಹಾಕಿದ್ದರು. ಊರೆಲ್ಲ ಅಲೋಹಾ, ಬೋರ್ಡಿನಲ್ಲೆಲ್ಲ ಅಲೋಹಾ, ಆದರೆ ಅಲೋಹಾದ ನಂತರದ ಎರಡನೆಯ ವಾಕ್ಯ ಹೇಳುವ ಮಗು ಇಲ್ಲ.

ಇದಕ್ಕೆ ಉತ್ತರ ಯಾವ ರಂಗಮಂಚದಿಂದಲೂ ಬರಲಿಲ್ಲ. ನ್ಯೂಜಿಲೆಂಡಿನ ಮಾವೋರಿಗಳು 1982ರಲ್ಲಿ ಕೋಹಾಂಗ ರೇಯೊ ಎಂಬ ಶಿಶುವಿಹಾರ ಶುರುಮಾಡಿದ್ದರು. ಮಾತಿನ ಗೂಡು ಎಂದು ಅರ್ಥ. ಅದನ್ನು ನೋಡಿ ಹವಾಯಿಯವರು 1984ರಲ್ಲಿ ಕಾವಾಯಿ ದ್ವೀಪದ ಕೆಕಾಹಾ ಎಂಬಲ್ಲಿ ತಮ್ಮ ಪೂನಾನ ಲೆಯೊ ತೆರೆದರು. ಅರ್ಥ ಅದೇ, ಮಾತಿನ ಗೂಡು. (ನಮ್ಮ ಕಾಸರಗೋಡು ಬೇರೆ ಜಿಲ್ಲೆಯಾದದ್ದೂ ಅದೇ ವರ್ಷ.) ಬಾಗಿಲೊಳಗೆ ಹವಾಯಿ ಭಾಷೆ ಬಿಟ್ಟು ಬೇರೆ ಮಾತಿಲ್ಲ. ಅಡುಗೆ, ಜಗಳ, ಮೂಗು ಒರೆಸುವುದು ಎಲ್ಲ ಅದರಲ್ಲೇ. ತಂದೆತಾಯಿ ಬಂದು ಶಾಲೆಯ ಕೆಲಸಕ್ಕೆ ಕೈಜೋಡಿಸಬೇಕು, ತಾವೂ ಭಾಷೆ ಕಲಿಯಬೇಕು. ಹಳೆಯ ಕಾನೂನಿನ ಅಡ್ಡಿ 1986ರಲ್ಲಿ ತೆಗೆಯಿತು, 1987ರಿಂದ ಸರಕಾರಿ ಶಾಲೆಗಳಲ್ಲೂ ಹವಾಯಿ ಮಾಧ್ಯಮದ ತರಗತಿ ಬಂತು. ಶಿಶುವಿಹಾರದಿಂದ ಹನ್ನೆರಡನೆಯ ತರಗತಿ ತನಕ ಹೀಗೆ ಓದಿದ ಮೊದಲ ಮಕ್ಕಳು 1999ರಲ್ಲಿ ಹೊರಬಂದರು. ಹಾಗೆ ಓದಿದವರಲ್ಲಿ ಕೆಲವರು ಈಗ ತಮ್ಮ ಮಕ್ಕಳನ್ನು ಮನೆಯಲ್ಲೇ ಆ ಮಾತಿನಲ್ಲಿ ಬೆಳೆಸುತ್ತಿದ್ದಾರೆ. ಕಳೆದುಹೋದ ತಲೆಮಾರು ಮರಳಿ ಬರಲಿಲ್ಲ, ಆದರೂ ಮಾತಿಗೆ ಮನೆ ಸಿಕ್ಕಿತು.

ನಮ್ಮ ಸ್ಥಿತಿ ಅವರಷ್ಟು ಕೆಟ್ಟಿಲ್ಲ. 1956ರ ನವೆಂಬರ್ 1ರಂದು ಗೆರೆ ಎಳೆದಾಗ ಆಚೆ ಉಳಿದ ನಮಗೆ ಕನ್ನಡ ಶಾಲೆಗಳು ಉಳಿದವು, ಬೆನ್ನ ಹಿಂದೆ ಕೋಟ್ಯಂತರ ಜನ ಆಡುವ ಭಾಷೆ ಇದೆ. ಆದರೂ ಒಂದನೆಯ ತರಗತಿಯ ಹಾಜರಿ ಪುಸ್ತಕ ವರ್ಷದಿಂದ ವರ್ಷಕ್ಕೆ ತೆಳುವಾಗುವುದನ್ನು ಕೈಯಲ್ಲಿ ಹಿಡಿದು ನೋಡಿದವಳು ನಾನು. ಮಕ್ಕಳನ್ನು ಬೇರೆ ಮಾಧ್ಯಮಕ್ಕೆ ಕಳುಹಿಸಿದ ತಂದೆತಾಯಿಯನ್ನು ನಾನು ಬೈಯಲಾರೆ, ಅವರ ಲೆಕ್ಕಾಚಾರ ಹೊಟ್ಟೆಯ ಲೆಕ್ಕಾಚಾರ. ವಾರ್ಷಿಕೋತ್ಸವದ ದಿನ ಅವೇ ಮಕ್ಕಳಿಗೆ ಕಿರೀಟ ಕಟ್ಟಿ ಯಕ್ಷಗಾನ ಕುಣಿಸುತ್ತಾರೆ. ಚಂದ ಕುಣಿಯುತ್ತಾರೆ. ಅರ್ಥ ಹೇಳು ಎಂದರೆ ಇಂಗ್ಲಿಷಿನಲ್ಲಿ ಹೇಳುತ್ತಾರೆ.

ಮಗಳಿಗೆ ನಾನು ಉಪದೇಶ ಮಾಡಲಿಲ್ಲ. ಊರಿಗೆ ಬಂದ ಮೇಲೆ ಒಂದು ಏರ್ಪಾಡು ಮಾಡಿಕೊಂಡೆವು, ಅಷ್ಟೆ. ಇಲ್ಲಿ ಭಾನುವಾರ ಬೆಳಿಗ್ಗೆ ಏಳೂವರೆ, ಅಲ್ಲಿ ಶನಿವಾರ ಸಂಜೆ ನಾಲ್ಕು. ಫೋನಿನಲ್ಲಿ ಅವನು ಮತ್ತು ನಾನು ಮಾತ್ರ, ಅಮ್ಮ ಅಪ್ಪ ನಡುವೆ ಬರುವಂತಿಲ್ಲ. ಅಂಗಳದಲ್ಲಿ ಬಿದ್ದ ತೆಂಗಿನಕಾಯಿ ಎಷ್ಟು, ಬೆಕ್ಕಿನ ಮರಿ ಎಷ್ಟು ಎಂದು ಎಣಿಸುತ್ತ ಎಣಿಸುತ್ತ ಹತ್ತಕ್ಕೆ ಬಂದ, ಮಳೆಗಾಲ ಮುಗಿಯುವಾಗ ಇಪ್ಪತ್ತು ಮುಟ್ಟಿದ. ಮುಟ್ಟಿದವನು ನಿಂತು ಕೇಳಿದ, "ಅಜ್ಜಿ, ಹತ್ತು ಅಂತ ಅಲ್ವಾ ನೀನು ಹೇಳಿದ್ದು? ಮತ್ತೆ ಇಪ್ಪತ್ತಲ್ಲಿ ಪತ್ತು ಯಾಕಿದೆ?"

ಎಷ್ಟೋ ವರ್ಷ ಪಾಠ ಹೇಳಿದ ನನ್ನನ್ನು ಯಾವ ಮಗುವೂ ಇದನ್ನು ಕೇಳಿರಲಿಲ್ಲ. ಹತ್ತು ಹಕಾರಕ್ಕೆ ತಿರುಗಿದರೂ ಇಪ್ಪತ್ತು, ಎಪ್ಪತ್ತುಗಳ ಒಳಗೆ ಹಳೆಯ ಪತ್ತು ಹಾಗೆಯೇ ಕೂತಿದೆ, ನಮ್ಮ ಪಕ್ಕದ ಮಲಯಾಳದಲ್ಲಿ, ತಮಿಳಿನಲ್ಲಿ ಇರುವ ಹಾಗೆ. ಫಾಲೆ ಹಾಲೆಯಾದ ಕಥೆ ನೆನಪಿದೆಯಾ ಎಂದು ಕೇಳಿದೆ. ನೆನಪಿತ್ತು. ಅಲ್ಲಿಂದ ಶುರುಮಾಡಿ ಹೇಳಿದೆ. ಅಂದಿನ ಫೋನು ಬಹಳ ಹೊತ್ತು ನಡೆಯಿತು.